ನೀರು ಎಲ್ಲಿಂದ ತರ್ತಿದ್ರು?

ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದು 47ನೇ ವಯಸ್ಸಿಗೆ. ದಾವಣಗೆರೆಯಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೆಕೆಂಡ್ ಹ್ಯಾಂಡ್ ವ್ಯಾಗನಾರ್ ತಗೊಂಡು ಎಂಟು ತಿಂಗಳಾಗಿತ್ತು. ಮನೆಯಿಂದ ಗಿರಣಿ, ಗಿರಣಿಯಿಂದ ಮನೆ, ಅಷ್ಟೇ ಅದರ ಪ್ರಪಂಚ. ದೊಡ್ಡ ಊರು ಅಂದರೆ ನನಗೆ ಪಾರ್ಕಿಂಗ್ ಭಯ. ಅದಕ್ಕೇ ಎರಡು ದಿನದ ಪ್ರವಾಸಕ್ಕೆ ಸಣ್ಣ ಊರುಗಳನ್ನೇ ಆರಿಸಿಕೊಂಡೆ. ಇತಿಹಾಸದ ಪ್ರೀತಿ ಇಲ್ಲ ಅಂತಲ್ಲ. ಆದರೆ ನಿಜ ಹೇಳಬೇಕೆಂದರೆ, ಲಕ್ಷ್ಮೇಶ್ವರ, ಲಕ್ಕುಂಡಿ, ಡಂಬಳ ಅಂತ ಪಟ್ಟಿ ಮಾಡುವಾಗ ಮೊದಲು ಯೋಚಿಸಿದ್ದು ಗಾಡಿ ನಿಲ್ಲಿಸಲು ಜಾಗ ಇರುತ್ತದಾ ಅಂತ.

ಯಜಮಾನರು ಬರಲಿಲ್ಲ. ನಾನು ಓಡಿಸುವಾಗ ಪಕ್ಕದಲ್ಲಿ ಕೂತರೆ ಅವರಿಗೆ ಬಿಪಿ ಏರುತ್ತದಂತೆ. ಬಂದವರು ನಮ್ಮತ್ತೆ. ವಯಸ್ಸು 71, ಎರಡೂ ಮೊಣಕಾಲು ನೋವು, ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಜಗಳೂರಿನ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಬೇರೆಯವರಿಗಾಗಿ ಹೇಳುತ್ತೇನೆ: ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಅಂಥ ಸೀಮೆ. ಮದುವೆಯಾಗುವವರೆಗೂ ಅತ್ತೆ ದಿನಾ ಎರಡು ಹೊತ್ತು ಊರಾಚೆಯ ಬಾವಿಯಿಂದ ನೀರು ಹೊತ್ತಿದ್ದಾರೆ. ತಲೆ ಮೇಲೊಂದು ಕೊಡ, ಸೊಂಟದಲ್ಲೊಂದು ಬಿಂದಿಗೆ.

ಸಂಕ್ರಾಂತಿ ಕಳೆದ ಶನಿವಾರ ಬೆಳಗ್ಗೆ ಐದೂವರೆಗೆ ಹೊರಟೆವು. ಹರಿಹರದ ಹತ್ತಿರ ತುಂಗಭದ್ರೆ ಸೇತುವೆ ಬಂದಾಗ ಅತ್ತೆ ಬ್ಲೌಸಿನೊಳಗಿಂದ ಪರ್ಸು ತೆಗೆದು ನಾಣ್ಯ ಹುಡುಕುತ್ತಿದ್ದರು.

"ಸ್ವಲ್ಪ ನಿಲ್ಸವ್ವಾ, ಹೊಳೆಗೆ ಕಾಸು ಹಾಕ್ತೀನಿ."

ಹೆದ್ದಾರಿಯಲ್ಲಿ, ಹಿಂದೆ ಲಾರಿ, ಮುಂದೆ ಲಾರಿ. ನಾನು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಅರವತ್ತರಲ್ಲಿ ಹೋಗುತ್ತಿದ್ದೆ. ನಿಲ್ಲಿಸುವುದಿರಲಿ, ಪಕ್ಕಕ್ಕೆ ತಿರುಗಿ ನೋಡಲೂ ಧೈರ್ಯ ಬರಲಿಲ್ಲ. ಹೊಳೆ ಹಿಂದೆ ಹೋಯಿತು. ಹಾವೇರಿ ಬರುವವರೆಗೂ ಅತ್ತೆ ಮಾತಾಡಲಿಲ್ಲ.

ಹಾವೇರಿಯಲ್ಲಿ ಇಡ್ಲಿ ತಿಂದು, ಸಿದ್ಧೇಶ್ವರನ ಗುಡಿಗೆ ಕೈ ಮುಗಿದು ಬಂದೆವು. ಪಶ್ಚಿಮಕ್ಕೆ ಮುಖ ಮಾಡಿದ ಗುಡಿ, ಅಷ್ಟು ಮಾತ್ರ ನೆನಪಿದೆ. ಹಾವೇರಿ ಏಲಕ್ಕಿ ಹಾರಕ್ಕೆ ಹೆಸರುವಾಸಿ. ಒಂದು ಕೊಳ್ಳೋಣ ಅಂದೆ. "ಯಾರಿಗೆ ಸನ್ಮಾನ?" ಅಂದರು ಅತ್ತೆ. ಕೊಳ್ಳಲಿಲ್ಲ.

ಅಸಲಿ ಪ್ರವಾಸ ಶುರುವಾಗಿದ್ದು ಬಂಕಾಪುರದಲ್ಲಿ. ಹೆದ್ದಾರಿಯಲ್ಲಿ ಬೋರ್ಡು ನೋಡಿ ಎಷ್ಟೋ ಜನ ಹಾಗೇ ಮುಂದೆ ಹೋಗುವ ಊರು. ರಾಷ್ಟ್ರಕೂಟರ ಅಮೋಘವರ್ಷನ ಸೇನಾಪತಿ ಬಂಕೇಯನ ಹೆಸರು ಊರಿಗೆ ಬಂದಿದೆ. ಹಾಳುಬಿದ್ದ ಕೋಟೆಯೊಳಗೆ ನಗರೇಶ್ವರ ಗುಡಿ ಇದೆ. ಜನ ಕರೆಯುವುದು ಅರವತ್ತು ಕಂಬದ ಗುಡಿ ಅಂತ. ನೆಲಮಟ್ಟದಿಂದ ಕೆಳಕ್ಕೆ ಇಳಿದು ಹೋಗಬೇಕು. ಒಳಗೆ ಕಾಲಿಟ್ಟರೆ ಕಂಬಗಳ ಕಾಡು. ಲೇತ್ ಯಂತ್ರಕ್ಕೆ ಹಾಕಿ ತಿರುಗಿಸಿದ ಹಾಗೆ ನುಣ್ಣಗಿವೆ. ಕೋಟೆಯ ಕಂದಕದ ತುಂಬ ಮುಳ್ಳುಗಂಟಿ. ಅದೇ ಈಗ ನವಿಲುಧಾಮ. ಒಂದು ನವಿಲೂ ಕಣ್ಣಿಗೆ ಬೀಳಲಿಲ್ಲ, ಆದರೆ ನಾವಿದ್ದಷ್ಟು ಹೊತ್ತು ಎಲ್ಲ ದಿಕ್ಕಿನಿಂದಲೂ ಕೂಗುತ್ತಿದ್ದವು. ಗುಡಿಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇಲ್ಲ.

ನಾನು ಬೋರ್ಡು ಓದಿ ಹೇಳುತ್ತಿದ್ದೆ. ಚಾಲುಕ್ಯರು, ಕದಂಬರು, ಆಮೇಲೆ ಆದಿಲ್‌ಶಾಹಿಗಳು. ಅತ್ತೆ ಕಂಬಕ್ಕೆ ಒರಗಿ ಕೂತು ಕೇಳಿದರು. ಕೊನೆಗೆ ಒಂದೇ ಪ್ರಶ್ನೆ.

"ಇಷ್ಟು ಜನ ಇದ್ರಲ್ಲ ಕೋಟೆಯೊಳಗೆ, ನೀರು ಎಲ್ಲಿಂದ ತರ್ತಿದ್ರು?"

ಬೋರ್ಡಿನಲ್ಲಿ ಅದು ಇರಲಿಲ್ಲ. ಬೋರ್ಡಿನಲ್ಲಿ ಅದು ಯಾವತ್ತೂ ಇರುವುದಿಲ್ಲ, ಅಲ್ವಾ? ಯಾರು ಕಟ್ಟಿಸಿದ, ಯಾರು ಕೆಡವಿಸಿದ, ಎಷ್ಟು ಕಂಬ. ಕಂಬ ಕಡೆದವನಿಗೆ ಮಧ್ಯಾಹ್ನ ಕುಡಿಯಲು ನೀರು ಕೊಟ್ಟವರು ಯಾರು ಅಂತ ಬರೆಯುವುದಿಲ್ಲ. ಮುಂದೆ ಎರಡು ದಿನ ಪ್ರತಿ ಊರಲ್ಲೂ ಅತ್ತೆ ಇದೇ ಪ್ರಶ್ನೆ ಕೇಳಿದರು. ಮೊದಲೆರಡು ಸಲ ನನಗೆ ಕಿರಿಕಿರಿಯಾಯಿತು. ಆಮೇಲೆ ಗಾಡಿ ನಿಲ್ಲಿಸಿದ ಕೂಡಲೇ ನನ್ನ ಕಣ್ಣೂ ಬಾವಿ ಹುಡುಕತೊಡಗಿತು.

ಸವಣೂರಿಗೆ ಹೋಗಿದ್ದು ಮರ ನೋಡಲು. ಅಲ್ಲಿಯ ದೊಡ್ಡಹುಣಸೆ ಕಲ್ಮಠದಲ್ಲಿ ದೊಡ್ಡಹುಣಸೆ ಮರಗಳಿವೆ. ಹೆಸರಿಗೆ ಹುಣಸೆ, ಹುಣಸೆಗೂ ಅದಕ್ಕೂ ಸಂಬಂಧವಿಲ್ಲ. ಆಫ್ರಿಕಾ ಮೂಲದ ಬಾವೊಬಾಬ್. ಯಾರು ತಂದು ನೆಟ್ಟರೋ, ಸಿದ್ಧರು ಅನ್ನುತ್ತಾರೆ ಊರವರು. ಬುಡ ನೋಡಿದರೆ ಮರ ಅನ್ನಿಸುವುದಿಲ್ಲ, ಆನೆ ಬಂದು ನಿಂತ ಹಾಗಿದೆ. ಜನವರಿಯಲ್ಲಿ ಎಲೆ ಕಡಿಮೆ. ಬೇರು ಮೇಲಕ್ಕೆ, ತಲೆ ಕೆಳಕ್ಕೆ ಮಾಡಿ ನೆಟ್ಟಂತೆ ಕಾಣುತ್ತದೆ. ಈ ಮರ ಕಾಂಡದೊಳಗೆ ನೀರು ತುಂಬಿಟ್ಟುಕೊಂಡು ಬೇಸಿಗೆ ಕಳೆಯುತ್ತದೆ ಅಂತ ಹೇಳಿದೆ. ಅತ್ತೆ ಬುಡಕ್ಕೆ ಹೋಗಿ ಅಂಗೈಯಿಂದ ಎರಡು ಸಲ ತಟ್ಟಿದರು, ಗಡಿಗೆ ತಟ್ಟಿ ನೋಡುವ ಹಾಗೆ. "ಜಾಣ ಮರ," ಅಂದರು. ಇಡೀ ಪ್ರವಾಸದಲ್ಲಿ ಅವರು ಯಾವ ರಾಜನನ್ನೂ ಹೀಗೆ ಹೊಗಳಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಸವಣೂರು ಖಾರ ಒಂದು ಕೆಜಿ ಕಟ್ಟಿಸಿಕೊಂಡೆವು. ಲಕ್ಷ್ಮೇಶ್ವರ ತಲುಪುವಷ್ಟರಲ್ಲಿ ಮುಕ್ಕಾಲು ಕೆಜಿ ಆಗಿತ್ತು.

ಲಕ್ಷ್ಮೇಶ್ವರದ ಹಳೇ ಹೆಸರು ಪುಲಿಗೆರೆ. ಹೈಸ್ಕೂಲಿನಲ್ಲಿ ಕವಿರಾಜಮಾರ್ಗದ ಪಾಠ ಓದಿದವರಿಗೆ ನೆನಪಿರಬಹುದು. ಒಂಬತ್ತನೇ ಶತಮಾನದ ಆ ಗ್ರಂಥದಲ್ಲಿ ಕನ್ನಡದ ತಿರುಳು ಎಲ್ಲಿದೆ ಅಂತ ನಾಲ್ಕು ಊರು ಹೇಳಿದ್ದಾರೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ಆ ತಿರುಳಿನೊಳಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬ ಮೆಣಸಿನಕಾಯಿ ಚೀಲದ ಗಾಡಿಯವನು ನನ್ನ ಬಂಪರ್ ನೋಡಿ, "ಅಕ್ಕಾರ, ಸೀದಾ ಬರ್ರಿ, ಎದಕ್ಕ ಹೆದರ್ತೀರಿ?" ಅಂದ. ಕನ್ನಡದ ತಿರುಳು ಇದೇ ಇರಬೇಕು ಅಂದುಕೊಂಡೆ.

ಸೋಮೇಶ್ವರ ಗುಡಿಗೆ ಕೋಟೆಯಂಥ ಎತ್ತರದ ಗೋಡೆ, ಮೂರು ಬಾಗಿಲು. ಒಳಗೆ ಹೋದರೆ ಪೇಟೆಯ ಗದ್ದಲ ತಟ್ಟನೆ ನಿಂತುಬಿಡುತ್ತದೆ. ಇಲ್ಲಿ ಬರೀ ಲಿಂಗವಲ್ಲ, ಶಿವ ಪಾರ್ವತಿ ಇಬ್ಬರೂ ನಂದಿಯ ಮೇಲೆ ಕೂತಿದ್ದಾರೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಸೋಮನಾಥನನ್ನೇ ಇಲ್ಲಿಗೆ ಕರೆತಂದ ಅಂತ ಕಥೆ. ಗುಡಿಯ ಆವರಣದಲ್ಲೇ ಬಾವಿ. ಅತ್ತೆ ಬಗ್ಗಿ ನೋಡಿ ತಲೆಯಾಡಿಸಿದರು. "ಊರ ಹೆಸರಲ್ಲೇ ಕೆರೆ ಇದೆ ಅಂತೀಯ, ಗುಡಿಯೊಳಗೆ ಬಾವಿ. ಇವರು ಬುದ್ಧಿವಂತರು." ನಮ್ಮ ದಾವಣಗೆರೆ ಹೆಸರಲ್ಲೂ ಕೆರೆ ಇದೆಯಲ್ಲ ಅಂದೆ. "ಹೆಸರಲ್ಲಿದೆ," ಅಂದರು.

ಇಲ್ಲಿಯ ಜಾಮಿಯಾ ಮಸೀದಿಯನ್ನು ಹೊರಗಿನಿಂದ ನೋಡಿದೆವು. 1617ರಲ್ಲಿ ಆದಿಲ್‌ಶಾಹಿ ಸರದಾರ ಅಂಕುಶ್ ಖಾನ್ ಕಟ್ಟಿಸಿದ್ದು. ಶಂಖ ಬಸದಿಯೂ ಇದೇ ಊರಲ್ಲಿದೆ. ಗುಡಿ, ಬಸದಿ, ಮಸೀದಿ ಮೂರಕ್ಕೂ ಅತ್ತೆಯ ಕಾಲಿನಲ್ಲಿ ಶಕ್ತಿ ಇರಲಿಲ್ಲ. ಒಂದು ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ತಿಂದು ಗದಗಿನ ದಾರಿ ಹಿಡಿದೆವು.

ದಾರಿಯಲ್ಲೇ ಮಾಗಡಿ ಕೆರೆ. ಇದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ರಸ್ತೆಯಿಂದ ನೋಡಿದಾಗ ನೀರಿನ ಮೇಲೆ ಬೂದಿ ಬಣ್ಣದ ಏನೋ ತೇಲುತ್ತಿದೆ ಅನ್ನಿಸಿತು. ಹತ್ತಿರ ಹೋದರೆ ಹೆಬ್ಬಾತುಗಳು. ಒಂದಲ್ಲ ಎರಡಲ್ಲ, ಕೆರೆ ತುಂಬ. ತಲೆ ಬೆಳ್ಳಗೆ, ಅದರ ಮೇಲೆ ಎರಡು ಕಪ್ಪು ಪಟ್ಟೆ, ವಿಭೂತಿಯನ್ನು ಕಪ್ಪು ಬಣ್ಣದಲ್ಲಿ ಬಳಿದ ಹಾಗೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿವು. ಚಳಿಗಾಲ ಇಲ್ಲಿ ಕಳೆದು ವಾಪಸ್ ಹೋಗುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಕುರಿ ಮೇಯಿಸುತ್ತಿದ್ದ ಹುಡುಗ ಹೇಳಿದ, "ಹಗಲೆಲ್ಲ ಹಿಂಗ ಕುಂದ್ರತಾವ್ರಿ. ರಾತ್ರಿ ಕಡ್ಲಿ ಹೊಲಕ್ಕ ಹೊಕ್ಕಾವು."

"ಹೊಲದವರು ಸುಮ್ನಿರ್ತಾರಾ?" ಅಂತ ಅತ್ತೆ ಕೇಳಿದರು.

"ಬೈತಾರ್ರಿ. ಆದ್ರ ಹೊಡಿಯಂಗಿಲ್ಲ."

ಅಲ್ಲಿ ಒಂದು ಗಂಟೆ ಕೂತೆವು. ನಾನು ಸವಣೂರು ಖಾರ ತಿಂದೆ. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಬಂತೇನೋ ಅಂದುಕೊಂಡೆ. "ಇಷ್ಟು ದೂರದಿಂದ ಬರ್ತವೆ ಅಂದ್ರೆ, ಇಲ್ಲಿ ನೀರಿದೆ ಅಂತ ಯಾರು ಹೇಳಿರ್ತಾರೆ ಅವಕ್ಕೆ?" ಅಂದರು ಕಣ್ಣು ತೆರೆಯದೆ.

ರಾತ್ರಿ ಗದಗದಲ್ಲಿ ತಂಗಿದೆವು. ಗದಗ ಸಣ್ಣ ಊರಲ್ಲ, ಜಿಲ್ಲಾ ಕೇಂದ್ರ. ಟ್ರಾಫಿಕ್ಕಿಗೆ ಹೆದರಿ ಗಾಡಿಯನ್ನು ಲಾಡ್ಜಿನಲ್ಲೇ ಬಿಟ್ಟು ಆಟೋದಲ್ಲಿ ವೀರನಾರಾಯಣ ಗುಡಿಗೆ ಹೋದೆವು. ಕುಮಾರವ್ಯಾಸ ಕೂತು ಭಾರತ ಬರೆದ ಅನ್ನುವ ಕಂಬ ಇಲ್ಲಿದೆ. ಗುಡಿಯ ಕೊಳ ಕೋಣೇರಿಯಲ್ಲಿ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಬಟ್ಟೆ ಒಣಗುವವರೆಗೆ ಮಾತ್ರ ಪದ್ಯ ಹೊಳೆಯುತ್ತಿತ್ತಂತೆ, ಒಣಗಿದರೆ ಅವತ್ತಿಗೆ ಮುಗಿಯಿತು. ಈ ಕಥೆ ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಗದಗಿನ ಒಣ ಗಾಳಿಯಲ್ಲಿ ನಿಂತು ಕೇಳಿದಾಗ ಅದರ ತಮಾಷೆ ಹೊಳೆಯಿತು. ಈ ಗಾಳಿಗೆ ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕು! ಅರ್ಧ ಗಂಟೆಯಲ್ಲಿ ಅಷ್ಟು ಬರೆದನೆಂದರೆ ದೊಡ್ಡವನೇ. ಅತ್ತೆಗಂತೂ ಈ ಕಥೆ ಬಹಳ ಹಿಡಿಸಿತು. ನೀರಿದ್ದರೆ ಕಾವ್ಯ, ಇಲ್ಲದಿದ್ದರೆ ಇಲ್ಲ.

ಲಾಡ್ಜಿನ ಬಚ್ಚಲಲ್ಲಿ ನಲ್ಲಿ ಇತ್ತು, ನೀರು ಡ್ರಮ್ಮಿನಲ್ಲಿತ್ತು. ಕೆಲಸದ ಹುಡುಗಿ "ನೋಡ್ಕೊಂಡು ಬಳಸ್ರೀ ಅಕ್ಕಾ" ಅಂದಳು. ಅತ್ತೆ ಎರಡೇ ಚೊಂಬಿನಲ್ಲಿ ಮುಖ, ಕೈ, ಕಾಲು ಎಲ್ಲ ಮುಗಿಸಿ ಹೊರಗೆ ಬಂದು, ನಾನು ಒಳಗೆ ಹೋಗುವ ಮುಂಚೆ ಡ್ರಮ್ಮಿನ ಮಟ್ಟ ತೋರಿಸಿದರು.

ಸಂಜೆ ತಿಂದ ಗಿರಮಿಟ್ ಬಗ್ಗೆ ಒಂದು ಮಾತು. ನಾವು ಮಂಡಕ್ಕಿ ಊರಿನವರು. ಮಂಡಕ್ಕಿಯ ವಿಷಯದಲ್ಲಿ ಬೇರೆ ಊರಿಗೆ ಸೋಲುವುದು ಕಷ್ಟ. ಆದರೂ ಹುಣಸೆ, ಬೆಲ್ಲ, ಈರುಳ್ಳಿ ಬೇಯಿಸಿದ ಆ ಗೊಜ್ಜು, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಬಿಸಿ ಮಿರ್ಚಿ. ಸೋತೆ. ಅತ್ತೆ ಮಾತ್ರ ಒಪ್ಪಲಿಲ್ಲ. "ನಮ್ಮಲ್ಲಿ ಗರಿಗರಿ ಇರ್ತದೆ."

ಭಾನುವಾರ ಬೆಳಗ್ಗೆ ಲಕ್ಕುಂಡಿ. ಗದಗಿನಿಂದ 12 ಕಿಲೋಮೀಟರ್. ಮನೆ ಎಲ್ಲಿ ಮುಗಿಯಿತು, ಗುಡಿ ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಊರು. ಎಮ್ಮೆ ಕಟ್ಟಿದ ಗೋಡೆಯ ಆಚೆ ಒಂದು ಗುಡಿ. ಒಗೆದ ಸೀರೆ ಒಣಹಾಕಿದ ಹಗ್ಗದ ಹಿಂದೆ ಇನ್ನೊಂದು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರ ಮಾತು. ಹಿಂದೆ ಲೊಕ್ಕಿಗುಂಡಿ ಅನ್ನುತ್ತಿದ್ದರು. ಇಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಅನ್ನುವ ಹಣ ಇಲ್ಲೇ ಅಚ್ಚಾಗುತ್ತಿತ್ತು. ಲೆಕ್ಕ ಬರೆಯುವವಳಿಗೆ ಇದು ಕೇಳಿ ಖುಷಿಯಾಗದೆ ಇರುತ್ತದಾ?

ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ನಾನು ಬಾಯಿ ತೆರೆದು ನಿಂತೆ. ಬಳ್ಳಿ, ಅದರ ಪಕ್ಕ ಇನ್ನೊಂದು ಬಳ್ಳಿ, ಅದರ ಪಕ್ಕ ಸಣ್ಣ ಸಣ್ಣ ಮೂರ್ತಿಗಳು. ಕಲ್ಲು ಅನ್ನುವುದು ಮರೆತೇ ಹೋಗುತ್ತದೆ, ಜರಿ ಸೀರೆಯ ಅಂಚಿನ ಹಾಗಿದೆ. ಶಿವನ ಎದುರಿಗೆ ಸೂರ್ಯನಿಗೊಂದು ಪುಟ್ಟ ಗುಡಿ, ಇಬ್ಬರೂ ಮುಖಾಮುಖಿ. ಬ್ರಹ್ಮ ಜಿನಾಲಯಕ್ಕೂ ಹೋದೆವು. ಅದು ಅತ್ತಿಮಬ್ಬೆ ಕಟ್ಟಿಸಿದ ಬಸದಿ. ಅವಳ ಕಥೆ ಹೇಳುವ 1007ರ ಶಾಸನ ಇದೇ ಊರಿನದು. ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ 1000 ಪ್ರತಿ ಬರೆಸಿ ಹಂಚಿದವಳು.

"ಸಾವಿರ?" ಅತ್ತೆ ನಿಂತುಬಿಟ್ಟರು. "ಬರೆಯೋಕೆ ಎಷ್ಟು ಜನ ಕೂತಿದ್ರೋ. ಅಷ್ಟೂ ಜನಕ್ಕೆ ದಿನಾ ಊಟ ಹಾಕಿದ್ದಾಳೆ ಪಾಪ."

ಅತ್ತಿಮಬ್ಬೆ ಉಕ್ಕಿ ಹರಿಯುವ ಗೋದಾವರಿಯನ್ನು ತಡೆದು ನಿಲ್ಲಿಸಿದಳು ಅನ್ನುವ ಕಥೆಯನ್ನೂ ಹೇಳಿದೆ. ಅದು ಅವರಿಗೆ ಹಿಡಿಸಲಿಲ್ಲ. ಬರುವ ನೀರನ್ನು ಯಾರಾದರೂ ತಡೆಯುತ್ತಾರಾ ಅಂತ.

ಆಮೇಲೆ ಮುಸುಕಿನ ಬಾವಿ. ಮಾಣಿಕೇಶ್ವರ ಗುಡಿಗೆ ಅಂಟಿಕೊಂಡೇ ಇದೆ. ಗುಡಿ ಮುಸುಕು ಹಾಕಿದ ಹಾಗೆ ಬಾವಿಯ ಒಂದು ಕಡೆ ಮುಚ್ಚಿದೆ, ಉಳಿದ ಮೂರು ಕಡೆ ಮೆಟ್ಟಿಲು. ಮೆಟ್ಟಿಲಿನ ಮಧ್ಯೆ ಮಧ್ಯೆ ಗೋಡೆಯಲ್ಲಿ ಪುಟ್ಟ ಗುಡಿಯಂಥ ಗೂಡುಗಳು. ಒಂದೊಂದಕ್ಕೂ ಶಿಖರ. ಚಿತ್ರದಲ್ಲಿ ನೂರು ಸಲ ನೋಡಿದ್ದೆ. ಎದುರು ನಿಂತಾಗ ಗೊತ್ತಾಗಿದ್ದು ಏನೆಂದರೆ, ಇದು ಬಾವಿಯಲ್ಲ, ನೆಲದೊಳಕ್ಕೆ ತಲೆಕೆಳಗಾಗಿ ಕಟ್ಟಿದ ಗುಡಿ.

ಅತ್ತೆ ಇಳಿಯುತ್ತೇನೆ ಅಂದರು. ಮೊಣಕಾಲು ನೋವು ಅಂದೆ. ಕೇಳಲಿಲ್ಲ. ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಗೋಡೆಯ ಮೇಲೆ. ಆರು ಮೆಟ್ಟಿಲು ಇಳಿದು ನಿಂತರು. ಮೆಟ್ಟಿಲನ್ನು ಕಾಲಿನಿಂದ ಅಳೆದರು. ಅಂಚನ್ನು ಕೈಯಿಂದ ಸವರಿದರು. ನಾನು ಕೆತ್ತನೆ ನೋಡುತ್ತಿದ್ದೆ, ಅವರು ನೋಡುತ್ತಿದ್ದುದೇ ಬೇರೆ.

"ಇಲ್ಲಿ ಹಗ್ಗದ ಗುರುತಿಲ್ಲ," ಅಂದರು. "ಸೇದೋ ಬಾವಿ ಆಗಿದ್ರೆ ಕಲ್ಲಿನ ಅಂಚು ಹಗ್ಗ ಉಜ್ಜಿ ಉಜ್ಜಿ ಸವೆದಿರ್ತದೆ. ಇದು ಇಳಿದು ತುಂಬ್ಕೊಳ್ಳೋ ಬಾವಿ. ಆದ್ರೆ ಮೆಟ್ಟಿಲು ನೋಡು, ಎಷ್ಟು ಎತ್ತರ. ತುಂಬಿದ ಕೊಡ ಹೊತ್ತು ಹೆಂಗಸರು ಇಂಥಾ ಮೆಟ್ಟಿಲು ಹತ್ತಲ್ಲ. ದಿನಾ ಹತ್ತೋಕಾಗಲ್ಲ. ಇದು ದೇವರ ಅಭಿಷೇಕಕ್ಕೆ ಮಾಡಿದ್ದು. ಊರಿನ ಹೆಂಗಸರ ಬಾವಿ ಬೇರೆ ಎಲ್ಲೋ ಇದೆ."

ಅದು ಸರಿಯೋ ತಪ್ಪೋ ಇತಿಹಾಸ ಓದಿದವರು ಹೇಳಬೇಕು. ಮೇಲೆ ಬಂದಾಗ ಗೋಡೆಯ ನೆರಳಲ್ಲಿ ಒಬ್ಬ ಅಜ್ಜಿ ಶೇಂಗಾ ಬಿಡಿಸುತ್ತಾ ಕೂತಿದ್ದರು. ಅತ್ತೆ ಅವರನ್ನೇ ಕೇಳಿದರು.

"ಇದು ಗುಡೀ ಬಾವಿ ಬೇ," ಅಂದರು ಅಜ್ಜಿ. "ನಾವು ಕುಡಿಯಾಕ ತರತಿದ್ದದ್ದು ಬ್ಯಾರೆ ಬಾವಿ."

ಅತ್ತೆ ನನ್ನ ಕಡೆ ನೋಡಿದ ನೋಟ! ಹತ್ತನೇ ಕ್ಲಾಸಿನಲ್ಲಿ ಫಸ್ಟ್ ಬಂದವರು ಹಾಗೆ ನೋಡುತ್ತಾರೆ. ಆಮೇಲೆ ಇಬ್ಬರೂ ಮುಕ್ಕಾಲು ಗಂಟೆ ಕೂತು ಮಾತಾಡಿದರು. ಸಿಂಬಿ ಯಾವ ಬಟ್ಟೆಯದು ಒಳ್ಳೆಯದು, ತಾಮ್ರದ ಕೊಡ ಭಾರವೋ ಹಿತ್ತಾಳೆಯದೋ, ಬಸುರಿಯಾಗಿದ್ದಾಗ ಎಷ್ಟು ತಿಂಗಳವರೆಗೆ ನೀರು ಹೊತ್ತಿದ್ದು. ನಾನು ಪಕ್ಕದಲ್ಲಿ ಕೂತು ಶೇಂಗಾ ಬಿಡಿಸಿದೆ. ಕನ್ನೇರ ಬಾವಿ, ಛಬ್ಬೇರ ಬಾವಿ ಅಂತ ನನ್ನ ಪಟ್ಟಿಯಲ್ಲಿ ಇನ್ನೂ ಇದ್ದವು. ನೋಡಲು ಆಗಲಿಲ್ಲ. ಬೇಜಾರೇನೂ ಇಲ್ಲ.

ಹೊರಡುವಾಗ ನನ್ನ ಮಾನ ಹೋಯಿತು. ಬಂದ ಓಣಿ ಒಂದು ಗಾಡಿಯಷ್ಟೇ ಅಗಲ. ಎದುರಿನಿಂದ ಟ್ರ್ಯಾಕ್ಟರ್. ರಿವರ್ಸ್ ಹೋಗಬೇಕು. ನನಗೆ ರಿವರ್ಸ್ ಬರುವುದಿಲ್ಲ ಅನ್ನುವುದನ್ನು ಮೊದಲೇ ಹೇಳಬೇಕಿತ್ತು. ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತದೆ, ಯಾಕೋ. ಐದಾರು ಹುಡುಗರು ಬಂದರು. "ತಗೋರಿ, ತಗೋರಿ, ಇನ್ನಾ ತಗೋರಿ, ಸಾಕ್ ಸಾಕ್ ಸಾಕ್!" ಪ್ರತಿಯೊಬ್ಬನೂ ಬೇರೆ ಬೇರೆ ಹೊತ್ತಿಗೆ ಸಾಕ್ ಅಂದ. ಕೊನೆಗೆ ಟ್ರ್ಯಾಕ್ಟರಿನವನೇ ಇಳಿದು ಬಂದು, "ಅಕ್ಕಾರ ಇಳೀರಿ" ಅಂದು, ನನ್ನ ಗಾಡಿಯನ್ನು ಹಿಂದಕ್ಕೆ ಹಾಕಿ, ಕೀ ಕೈಗೆ ಕೊಟ್ಟು, ಟ್ರ್ಯಾಕ್ಟರ್ ಹತ್ತಿ ಹೋದ. ಬಲಗಡೆಯ ಕನ್ನಡಿ ಒಂದು ಜಗಲಿಗೆ ಉಜ್ಜಿದೆ. ಒಂಬೈನೂರು ವರ್ಷದ ಗೋಡೆಗೆ ಉಜ್ಜಲಿಲ್ಲವಲ್ಲ, ಅದೇ ಪುಣ್ಯ.

ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ. ಗುಡಿಯ ತಳ 24 ಮೂಲೆಯ ನಕ್ಷತ್ರ. ಸುತ್ತು ಹಾಕುವಾಗ ಗೋಡೆ ಎಲ್ಲೂ ನೇರವಾಗುವುದೇ ಇಲ್ಲ, ನೆರಿಗೆ ಹಿಡಿದ ಸೀರೆಯ ಹಾಗೆ ಮಡಚಿಕೊಂಡು ಹೋಗುತ್ತದೆ. ಇದೇ ಊರಲ್ಲಿ ಬೌದ್ಧರ ತಾರಾದೇವಿಗೂ ವಿಹಾರವಿತ್ತು ಅಂತ 1095ರ ಶಾಸನ ಹೇಳುತ್ತದೆ. ಜಪದ ಬಾವಿಯೂ ಇದೆ, ಸುತ್ತಲೂ ಕೂತು ಜಪ ಮಾಡಲು ಗೂಡುಗಳಿರುವ ಬಾವಿ. ಬಿಸಿಲು ಏರಿತ್ತು. ಅತ್ತೆ ಮೇಲಿನಿಂದಲೇ ನೋಡಿ, "ಇದೂ ಹೆಂಗಸರದ್ದಲ್ಲ" ಅಂತ ತೀರ್ಪು ಕೊಟ್ಟು ಗಾಡಿಯಲ್ಲಿ ಕೂತರು.

ವಾಪಸ್ ಬರುವಾಗ ಹೆದ್ದಾರಿ ಬೇಡ ಅನ್ನಿಸಿತು. ಮುಂಡರಗಿ ಮೇಲೆ ಹೂವಿನಹಡಗಲಿ, ಹರಪನಹಳ್ಳಿ ದಾರಿ ಹಿಡಿದೆ. ಕೊರ್ಲಹಳ್ಳಿಯ ಹತ್ತಿರ ಮತ್ತೆ ತುಂಗಭದ್ರೆ. ಈ ಸಲ ಸೇತುವೆ ದಾಟಿದ ಮೇಲೆ ರಸ್ತೆ ಪಕ್ಕ ಗಾಡಿ ನಿಲ್ಲಿಸಿದೆ. ಹಿಂದೆ ಲಾರಿ ಇರಲಿಲ್ಲ. ಜನವರಿಯಾದರೂ ಹೊಳೆಯಲ್ಲಿ ನೀರಿತ್ತು. ಅತ್ತೆ ನಿನ್ನೆ ಬೆಳಗ್ಗೆ ಹುಡುಕಿಟ್ಟ ನಾಣ್ಯ ಹಾಗೇ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದರು. ಬಿಚ್ಚಿ ಎಸೆದರು.

ಅವರ ತವರಿನ ಕೆರೆಗೆ ಈಗ ಇದೇ ಹೊಳೆಯ ನೀರು ಬರುತ್ತದೆ. ಹರಿಹರದ ಹತ್ತಿರ ನೀರೆತ್ತಿ, ಪೈಪಿನಲ್ಲಿ ತಂದು ಜಗಳೂರಿನ ಕೆರೆ ತುಂಬಿಸುವ ಯೋಜನೆ. ಕೆರೆಗೆ ನೀರು ಬಿದ್ದ ದಿನ ಅವರ ತಮ್ಮ ವಿಡಿಯೋ ಕಾಲ್ ಮಾಡಿ ತೋರಿಸಿದ್ದ.

"ನಮ್ಮೂರಿಗೆ ನೀರು ಎತ್ತೋ ಜಾಗ ಇಲ್ಲಿಂದ ಮೇಲೋ, ಕೆಳಗೋ?"

ಮೊಬೈಲಿನಲ್ಲಿ ಮ್ಯಾಪ್ ತೆಗೆದು ನೋಡಿದೆ. ಹರಿಹರ ಮೇಲೆ. ನೀರು ಅಲ್ಲಿಂದ ಇಲ್ಲಿಗೆ ಹರಿದು ಬರುವುದು.

"ಹಾಗಾದ್ರೆ ಇದು ನಮಗೆ ಕೊಟ್ಟು ಉಳಿದಿದ್ದು," ಅಂದರು. ಮುಖದಲ್ಲಿ ದೊಡ್ಡ ಜಮೀನ್ದಾರಿಣಿಯ ಗತ್ತು.

ಹಡಗಲಿಯಲ್ಲಿ ಮಲ್ಲಿಗೆ ಕೊಂಡೆವು. ಕತ್ತಲಾದ ಮೇಲೆ ಮನೆ ತಲುಪಿದ್ದು. ಗೇಟಿನೊಳಗೆ ಗಾಡಿ ಹಾಕಲು ಯಜಮಾನರೇ ಬರಬೇಕಾಯಿತು. ಕನ್ನಡಿ ನೋಡಿದರು, ಏನೂ ಅನ್ನಲಿಲ್ಲ. ಊಟಕ್ಕೆ ಕೂತಾಗ ಮುಂದಿನ ಸಲ ಇಟಗಿ ಮಹಾದೇವ ಗುಡಿಗೆ ಹೋಗೋಣ ಅಂದೆ. 1112ರಲ್ಲಿ ಕಟ್ಟಿದ್ದು, ದೇವಾಲಯಗಳ ಚಕ್ರವರ್ತಿ ಅಂತ ಶಾಸನದಲ್ಲೇ ಬರೆದಿದ್ದಾರೆ ಅಂತೆಲ್ಲ ಹೇಳಿದೆ.

ಅತ್ತೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಬಾವಿ ಇದೆಯಾ ಅಲ್ಲಿ?"

"ದೊಡ್ಡ ಪುಷ್ಕರಣಿ ಇದೆಯಂತೆ."

"ಮೆಟ್ಟಿಲು ಎಷ್ಟು ಎತ್ತರ ಅಂತ ಕೇಳ್ಕೊಂಡು ಹೇಳು," ಅಂದರು.